ಮೂಟೆಗಳ ರೈಲು

ಸರ್ಕಾರಿ ರೈಲು ನಿಂತ ಮೊದಲ ದಿನವೇ ಆ ಮನೆಯಲ್ಲಿ ಅನ್ನ ಸೀದುಹೋಯಿತು.

ಮನೆ ಹಳಿಗೆ ಬೆನ್ನು ಕೊಟ್ಟು ಕೂತಿತ್ತು. ಹಿತ್ತಲ ಬಾಗಿಲಲ್ಲಿ ನಿಂತು ಪಾತ್ರೆ ತೊಳೆದ ನೀರು ಎರಚಿದರೆ ಅದು ಜಲ್ಲಿಕಲ್ಲಿನ ಮೇಲೇ ಬೀಳಬೇಕು. ರೈಲು ಬರುವ ಮೊದಲು ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು. ಆಮೇಲೆ ಕಿಟಕಿಯ ಗಾಜು ನಡುಗುತ್ತಿತ್ತು, ಕೊನೆಗೆ ಮಂಚ. ಬೆಳಗಿನ ಹಾಲಿನ ರೈಲಿಗೆ ಅತ್ತೆ ಏಳುತ್ತಿದ್ದರು. ಕಾರ್ಖಾನೆಯವರ ರೈಲು ಹೋಯಿತೆಂದರೆ ಬೇಳೆ ಬೆಂದಿದೆ ಎಂದು ಅರ್ಥ. ಸಂಜೆ ಒಂದು ರೈಲಿಗೆ ಅಕ್ಕಿ ಒಲೆಗೇರಿಸಿ, ಅದಾದ ಮೇಲಿನ ರೈಲಿಗೆ ಇಳಿಸುವುದು. ಗೋಡೆಯಲ್ಲಿ ಗಡಿಯಾರವೂ ಇತ್ತು, ಅಂದಕ್ಕೆ. ಅದು ನಿಂತು ಎಷ್ಟು ಕಾಲವಾಯಿತೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಸಂಜೆ ಅಕ್ಕಿ ಇಟ್ಟ ಸೊಸೆ ಇಳಿಸುವ ರೈಲಿಗಾಗಿ ಕಾದಳು. ವಾಸನೆ ಬಂದ ಮೇಲೆ ಓಡಿದಳು.

ಹೊಸ ಕಂಪನಿಯವರು ಹಳೆಯ ಹಳಿಯ ಮಗ್ಗುಲಲ್ಲೇ ತಮ್ಮ ಜೋಡಿ ಹಳಿ ಹಾಸಿದ್ದರು. ಅದನ್ನು ದೊಡ್ಡ ನಿಲ್ದಾಣಕ್ಕೆ ಕೂಡಿಸುವವರೆಗೆ ಸರ್ಕಾರಿ ರೈಲು ಓಡುವುದಿಲ್ಲ, ಕೆಲವು ವಾರಗಳ ಮಾತು ಎಂದು ನಿಲ್ದಾಣದಲ್ಲಿ ಬರೆದು ಹಾಕಿದ್ದರು. ಆ ಬರಹದ ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ 'ಯಾವ ವರ್ಷದ ವಾರ?' ಎಂದು ಸೇರಿಸಿದ್ದರು.

ಸೀದ ಅನ್ನವನ್ನೇ ಎಲ್ಲರೂ ಉಂಡರು. ಯಾರೂ ಬಯ್ಯಲಿಲ್ಲ. ಬಯ್ದರೆ ಸದ್ದು ದೊಡ್ಡದಾಗಿ ಕೇಳುತ್ತದೆ ಎಂಬ ಅಂಜಿಕೆ ಇದ್ದಂತಿತ್ತು. ಮಾವ ಅಗಿಯುವುದು, ಮೊಮ್ಮಗಳು ಗುಬ್ಬಿ ನೀರು ನುಂಗುವುದು, ಎಲ್ಲ ಕೇಳಿಸುತ್ತಿತ್ತು. ಅತ್ತೆ ತಟ್ಟೆ ಸರಿಸಿ, ಮನೆಯೊಳಗೆ ಹೆಣ ಇಟ್ಟುಕೊಂಡು ಕೂತ ಹಾಗಿದೆ ಎಂದರು.

ಮಾವ ಸರ್ಕಾರಿ ಹಳಿಯ ಮೇಸ್ತ್ರಿಯಾಗಿದ್ದವರು. ಸುತ್ತಿಗೆ ಹೆಗಲಿಗೇರಿಸಿ ಇದೇ ದಾರಿಯಲ್ಲಿ ಹರಯದಿಂದ ಮುಪ್ಪಿನವರೆಗೆ ನಡೆದು, ಪಿಂಚಣಿ ಪಡೆದು ಮನೆಯಲ್ಲಿ ಕೂತಿದ್ದರು. ಮಗನಿಗೂ ಅದೇ ಕೆಲಸ ಸಿಗಲಿ ಎಂದು ಅವರಿಗೆ ಆಸೆ. ಆದರೆ ಸರ್ಕಾರ ಆಳು ತೆಗೆದುಕೊಳ್ಳುವುದನ್ನೇ ಬಿಟ್ಟಿತ್ತು. ಕಾದು ಕಾದು ಸಾಕಾಗಿ ಮಗ ಕಂಪನಿಯ ಗುತ್ತಿಗೆದಾರನ ಹತ್ತಿರ ಸೇರಿಕೊಂಡ. ಅಂದಿನಿಂದ ಮಾವ ಮಗನನ್ನು 'ಬಾಡಿಗೆ ಎತ್ತು' ಎಂದು ಕರೆಯುವುದು, ಮಗ ಅಪ್ಪನನ್ನು 'ಸರ್ಕಾರ' ಎಂದು ಕರೆಯುವುದು. ಸೊಸೆ ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸಕ್ಕಿದ್ದಳು. ಅವಳಿಗೆ ಇಬ್ಬರ ಮಾತೂ ಬಿಸಿನೀರಿನ ಯಂತ್ರದ ಗದ್ದಲದಷ್ಟೇ ರೂಢಿಯಾಗಿತ್ತು.

ಮೌನ ಬಂದು ಕೆಲವು ದಿನಗಳಾದ ಮೇಲೆ, ಒಂದು ಮುಸ್ಸಂಜೆ ಅವಳು ಹಿತ್ತಲಲ್ಲಿ ಕೂತು ತಪ್ಪಲೆ ಉಜ್ಜುತ್ತಿದ್ದಳು. ಬೆಳಕು ತಪ್ಪಲೆಯ ತಳದಲ್ಲಿ ಸರಿದಾಡಿತು. ತಲೆಯೆತ್ತಿದಳು. ರೈಲು ಹೋಗುತ್ತಿತ್ತು. ಸದ್ದೇ ಇಲ್ಲ. ಬೆಕ್ಕು ಅಡುಗೆಮನೆ ದಾಟಿದ ಹಾಗೆ. ಎಲ್ಲ ಕಿಟಕಿಗಳಲ್ಲೂ ಬಿಳಿ ದೀಪ. ಪ್ರತಿ ಸೀಟಿನಲ್ಲೂ ಒಬ್ಬೊಬ್ಬರು, ಬೆಳ್ಳಗೆ, ಹೆಗಲು ತಗ್ಗಿಸಿಕೊಂಡು ಕೂತಿದ್ದರು. ಒಬ್ಬರೂ ಇತ್ತ ತಿರುಗಲಿಲ್ಲ. ಮುಂದಿನ ಗಾಜಿನ ಹಿಂದೆ ಚಾಲಕ ಕೂರುವ ಜಾಗ ಖಾಲಿ ಇತ್ತು.

ಅವಳು ತಪ್ಪಲೆಯನ್ನು ಹಾಗೇ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡಳು.

ಗಂಡ ಬಂದವನು ಕೇಳಿ ನಗಾಡಿದ. ಅವು ಮರಳಿನ ಮೂಟೆಗಳಂತೆ. ಜನ ತುಂಬಿದರೆ ರೈಲು ಹೇಗೆ ಓಡುತ್ತದೆ ಎಂದು ನೋಡಲು ಸೀಟಿಗೊಂದು ಮೂಟೆ, ಒಂದೊಂದೂ ಒಬ್ಬ ಮನುಷ್ಯನ ತೂಕ. ಹೊತ್ತು ಹೊತ್ತು ಕೂರಿಸುವುದೇ ಅವನ ಕೆಲಸ. ಓಡಿಸುವುದು ಯಂತ್ರ.

"ಅಪ್ಪಾ, ಅಜ್ಜನ ತೂಕದ್ದೂ ಇದೆಯಾ?" ಎಂದಳು ಗುಬ್ಬಿ. ಗುಬ್ಬಿ ಅವರ ಒಬ್ಬಳೇ ಮಗಳು, ಹಳಿಯಾಚೆಯ ಶಾಲೆಗೆ ಹೋಗುವವಳು.

"ಅಜ್ಜನದು ಸ್ವಲ್ಪ ಹಗುರ. ಕಿಟಕಿ ಪಕ್ಕ ಕೂರಿಸಿದೀನಿ."

ಗುಬ್ಬಿ ನಕ್ಕಳು. ಮಾವ ನಗಲಿಲ್ಲ. ಸೊಸೆಗೂ ನಗು ಬರಲಿಲ್ಲ. ಮೂಟೆ ಎಂದು ಗೊತ್ತಾದ ಮೇಲೆ ಭಯ ಹೋಗಬೇಕಿತ್ತು. ಮಾರನೆಯ ಸಂಜೆ ಮತ್ತೆ ಆ ಬೆಳಕು ಬಂದಾಗ ಅವಳು ತಪ್ಪಲೆಯಿಂದ ಕಣ್ಣೆತ್ತಲಿಲ್ಲ, ಅಷ್ಟೇ.

ಜಗಳ ಶುರುವಾದದ್ದು ಬೇಲಿಯಿಂದ. ಹೊಸ ಹಳಿಯ ಉದ್ದಕ್ಕೂ ಆಳೆತ್ತರದ ಕಬ್ಬಿಣದ ಬೇಲಿ ಬಂತು. ಆದರೆ ಇವರ ಹಿತ್ತಲ ನೇರಕ್ಕೆ, ಗಾಡಿ ಹಿಡಿಸುವಷ್ಟು ಅಗಲ, ಬೇಲಿ ಇರಲಿಲ್ಲ. ಜನ ಹಳಿ ದಾಟಿ ಶಾಲೆಗೆ, ಅಂಗಡಿಬೀದಿಗೆ ಹೋಗುವ ಹಳೆಯ ಕಾಲುದಾರಿ ಅದು. ಅಲ್ಲೊಂದು ಮೇಲುಸೇತುವೆ ಕಟ್ಟಬೇಕು, ಆಮೇಲೆ ಬೇಲಿ ಮುಚ್ಚಬೇಕು ಎಂದು ಕರಾರು. ಯಾರು ಕಟ್ಟಬೇಕು ಎಂಬುದು ಮಾತ್ರ ಕರಾರಿನಲ್ಲಿ ಸರ್ಕಾರಕ್ಕೂ ಕಂಪನಿಗೂ ಬೇರೆ ಬೇರೆಯಾಗಿ ಓದಿಸಿಕೊಳ್ಳುತ್ತಿತ್ತು. ಇರುವ ಒಂದು ಸೇತುವೆ ನಿಲ್ದಾಣದ ಆಚೆ, ಬಲು ಸುತ್ತು.

ಸೊಸೆ ಒಂದು ದಿನದ ರಜೆ ಹಾಕಿ ಎರಡೂ ಕಚೇರಿಗೆ ಹೋಗಿಬಂದಳು. ಸರ್ಕಾರಿ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂರಿಸಿ, ಅದು ಕಂಪನಿ ಕಟ್ಟಬೇಕಾದ್ದು ಎಂದರು. ಕಂಪನಿ ಕಚೇರಿಯಲ್ಲಿ ಮೆತ್ತನೆ ಕುರ್ಚಿ ಕೊಟ್ಟು, ತಣ್ಣೀರು ಕೊಟ್ಟು, ಹೆಸರು ಕೇಳಿ, ನೆಲ ಸರ್ಕಾರದ್ದು ಮೇಡಂ ಎಂದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಒಂದು ಕಡೆ ಬಾಯಾರಿಕೆ, ಒಂದು ಕಡೆ ನೀರು, ಉತ್ತರ ಒಂದೇ ಎಂದು ಅವಳು ಮನೆಯಲ್ಲಿ ಹೇಳಿದಳು.

ಊಟದ ಹೊತ್ತಿಗೆ ಅಪ್ಪ ಮಗ ಹತ್ತಿಕೊಂಡರು.

"ಹೊರಗಿನವರ ಕೈಗೆ ಕೊಟ್ರೆ ಹೀಗೇ ಆಗೋದು," ಎಂದರು ಮಾವ. "ನಮ್ಮ ಕಾಲದಲ್ಲಿ ಒಂದು ಕಲ್ಲು ಜರುಗಿದ್ರೆ ಯಾರನ್ನ ಕೇಳಬೇಕು ಅಂತ ಗೊತ್ತಿತ್ತು."

"ಕೇಳೋಕೆ ಗೊತ್ತಿತ್ತು. ಕಲ್ಲು ಜರುಗಿದ್ದು ಜರುಗಿದ ಹಾಗೇ ಇರ್ತಿತ್ತು. ನಿಮ್ಮ ರೈಲು ಒಂದು ದಿನಾನಾದ್ರೂ ಹೊತ್ತಿಗೆ ಸರಿಯಾಗಿ ಬಂದಿದೆಯಾ ಅಪ್ಪಾ?"

"ತಡವಾಗಿ ಬರ್ತಿತ್ತು. ಎಲ್ಲರಿಗೂ ತಡವಾಗಿ ಬರ್ತಿತ್ತು. ಜೇಬು ನೋಡಿ ಬರ್ತಿರಲಿಲ್ಲ."

"ನಮ್ಮದರಲ್ಲಿ ತಂಪುಗಾಳಿ ಇದೆ."

"ಟಿಕೆಟ್ಟಿನ ದರ ಕೇಳಿದ್ರೇ ಮೈ ತಣ್ಣಗಾಗುತ್ತೆ. ಗಾಳಿ ಬೇರೆ ಯಾಕೆ."

ಸೊಸೆ ಬೇಳೆಯ ಸೌಟು ಹಿಡಿದುಕೊಂಡೇ ಕೇಳಿದಳು, "ಯಾರ ರೈಲಾದ್ರೂ ಇರಲಿ. ನಮ್ಮ ಕಡೆ ನಿಲ್ಲುತ್ತಾ? ಗುಬ್ಬಿ ಹೇಗೆ ದಾಟಬೇಕು?"

ಎರಡನೆಯದಕ್ಕೆ ಮಾತ್ರ ಮಾವ, ಇಷ್ಟು ವರ್ಷ ದಾಟಿದ ಹಾಗೆ ಎಂದರು.

ಇಷ್ಟು ವರ್ಷ ಆ ಮನೆಯವರು ದಾಟಿದ್ದು ಹೇಗೆಂದು ಹೇಳಬೇಕು. ಅವರು ನೋಡಿ ದಾಟುವವರಲ್ಲ. ಹಳಿಯ ಹತ್ತಿರ ಬಂದು, ಚಪ್ಪಲಿ ಕಳಚಿ, ಬರಿಗಾಲನ್ನು ಕಬ್ಬಿಣದ ಮೇಲಿಟ್ಟು ಉಸಿರು ಹಿಡಿದು ನಿಲ್ಲುವುದು. ಅಂಗಾಲಿನಲ್ಲಿ ಜುಮ್ಮೆಂದರೆ ರೈಲು ಬರುತ್ತಿದೆ. ಸುಮ್ಮನಿದ್ದರೆ ದಾರಿ ಖಾಲಿ. ತಲೆ ತಿರುಗಿಸಕೂಡದು. ಅಲ್ಲಿ ಹಳಿ ಗುಡ್ಡವನ್ನು ಬಳಸಿ ಬಾಗುತ್ತದೆ. ಕಣ್ಣಿಗೆ ರೈಲು ಕಾಣುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನೋಡಲು ನಿಂತವರು ಸತ್ತಿದ್ದಾರೆ, ಕಾಲನ್ನು ನಂಬಿದವರು ಮುದುಕರಾಗಿದ್ದಾರೆ ಎಂದು ಮಾವನ ಮಾತು. ಅದು ಸುಳ್ಳೇನೂ ಅಲ್ಲ. ಆ ಬೀದಿಯಲ್ಲಿ ರೈಲಿಗೆ ಯಾರನ್ನೂ ಕಳೆದುಕೊಳ್ಳದ ಮನೆ ಅದೊಂದೇ. ಸೊಸೆ ಮದುವೆಯಾಗಿ ಬಂದಾಗ ಅತ್ತೆ ಅಡುಗೆಮನೆ ತೋರಿಸುವ ಮೊದಲು ಮಾವ ಹಳಿ ತೋರಿಸಿದ್ದರು. "ಉಪ್ಪು ಹೆಚ್ಚಾದ್ರೆ ನೀರು ಕುಡೀಬಹುದಮ್ಮ. ಇದನ್ನ ಮೊದಲು ಕಲಿ," ಎಂದಿದ್ದರು. ಅವಳು ಕಲಿತಿದ್ದಳು. ಗುಬ್ಬಿಗೂ ಅಜ್ಜನೇ ಕಲಿಸಿದ್ದರು. ಬೆಳಗ್ಗೆ ಕೈಹಿಡಿದು ದಾಟಿಸಿ ಶಾಲೆಗೆ ಬಿಟ್ಟುಬರುವುದು ಪಿಂಚಣಿ ಬಂದ ಮೇಲೆ ಅವರಿಗೆ ಉಳಿದಿದ್ದ ಒಂದೇ ಹುದ್ದೆ.

ಒಂದು ಬೆಳಗ್ಗೆ ಸೊಸೆ ಬಸ್ಸು ಹಿಡಿಯಲು ಹಿತ್ತಲಿಂದ ಹೊರಟಳು. ಮಂಜು ಸುರಿಯುತ್ತಿತ್ತು. ಹಳೆಯ ಹಳಿ ದಾಟಿದಳು, ಹೊಸ ಹಳಿಯ ಹತ್ತಿರ ಚಪ್ಪಲಿ ಕಳಚಿ ಕಾಲಿಟ್ಟಳು. ಕಬ್ಬಿಣ ತಣ್ಣಗಿತ್ತು. ಸುಮ್ಮನಿತ್ತು. ಇನ್ನೂ ಸ್ವಲ್ಪ ಹೊತ್ತು ನಿಂತಳು, ಯಾಕೋ. ಸುಮ್ಮನೇ ಇತ್ತು. ದಾಟಿದಳು. ಎರಡನೆಯ ಕಾಲು ಆಚೆಯ ಜಲ್ಲಿಯ ಮೇಲೆ ಊರುವಷ್ಟರಲ್ಲಿ ಬೆನ್ನ ಹಿಂದೆ ಗಾಳಿ ಗೋಡೆಯಂತೆ ಬಂದು ನೂಕಿತು. ಮೈಮೇಲಿನ ಬಟ್ಟೆಯೆಲ್ಲ ಮುಂದಕ್ಕೆ ಹಾರಿತು. ಅವಳು ಮಂಡಿಯೂರಿ ಬಿದ್ದು ತಿರುಗಿದಾಗ ದೀಪದ ಕಿಟಕಿಗಳು ಒಂದರ ಹಿಂದೆ ಒಂದು ಮಂಜಿನಲ್ಲಿ ಸರಿಯುತ್ತಿದ್ದವು. ಬಿಳಿಯ ಹೆಗಲುಗಳು ಸಾಲಾಗಿ. ಅವಳು ಇದ್ದಳೋ ಇಲ್ಲವೋ ಎಂಬುದು ಅವಕ್ಕೆ ಸಂಬಂಧವಿಲ್ಲದ ಹಾಗೆ.

ಕೈಗೆತ್ತಿಕೊಳ್ಳಲು ಮರೆತ ಚಪ್ಪಲಿಗಳು ಹಳಿಯ ಮನೆ ಕಡೆಯ ಮಗ್ಗುಲಲ್ಲಿ, ಕಳಚಿಟ್ಟಲ್ಲೇ ಜೋಡಿಯಾಗಿ ಇದ್ದವು. ತಿರುಗಿ ಹೋಗಿ ತರುವ ಧೈರ್ಯ ಬರಲಿಲ್ಲ. ಬರಿಗಾಲಲ್ಲೇ ಕೆಲಸಕ್ಕೆ ಹೋದಳು.

ಸಂಜೆ ಅವಳು ಹೇಳಿದ್ದನ್ನು ಕೇಳಿ ಗಂಡನ ಮುಖ ಕಪ್ಪಿಟ್ಟಿತು. ಹೊಸ ಹಳಿಯ ಕೆಳಗೆ ರಬ್ಬರಿನ ಹಾಸು ಇದೆ, ಸದ್ದಾಗಬಾರದು, ಮನೆಗಳು ನಡುಗಬಾರದು ಎಂದೇ ಮಾಡಿದ್ದು ಎಂದ. ರೈಲಿನ ಮುಂದೆ ಅಡ್ಡ ಬಂದದ್ದನ್ನು ಕಂಡು ತಾನೇ ನಿಲ್ಲುವ ಕಣ್ಣು ಇದೆಯಂತೆ, ಆದರೆ ಅದನ್ನಿನ್ನೂ ಹಾಕಿಲ್ಲ.

ಮಾವ ನಂಬಲಿಲ್ಲ. "ಕಾಲು ಸರಿಯಾಗಿ ಊರಿರಲ್ಲಮ್ಮ ನೀನು. ಅವಸರದಲ್ಲಿದ್ದೆ."

"ಊರಿದ್ದೆ ಮಾವ. ಎಂದಿಗಿಂತ ಹೆಚ್ಚು ಹೊತ್ತು ಊರಿದ್ದೆ."

"ಕಬ್ಬಿಣ ಸುಳ್ಳು ಹೇಳಲ್ಲ."

"ನಾಳೆಯಿಂದ ಗುಬ್ಬೀನ ನಾನು ಸೇತುವೆ ಮೇಲೆ ಸುತ್ತಿಕೊಂಡು ಬಿಟ್ಟು ಬರ್ತೀನಿ," ಎಂದಳು ಸೊಸೆ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿರುತ್ತಿತ್ತೇನೋ.

ಮಾವ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಮುಂದಿನ ವಾರಗಳು ಮನೆಯಲ್ಲಿ ಮುಳ್ಳಿನ ಮೇಲೆ ಬಟ್ಟೆ ಒಣಹಾಕಿದಂತೆ ಕಳೆದವು. ಸೊಸೆ ಕತ್ತಲಿರುವಾಗಲೇ ಎದ್ದು ರೊಟ್ಟಿ ತಟ್ಟಿ, ಗುಬ್ಬಿಯನ್ನು ಎಬ್ಬಿಸಿ, ಸುತ್ತುದಾರಿ ಹಿಡಿಯುವಳು. ಕೆಲಸಕ್ಕೆ ತಡವಾಗುತ್ತಿತ್ತು, ಮೇಲ್ವಿಚಾರಕಿ ಎರಡು ಸಲ ಎಚ್ಚರಿಸಿದಳು. ಮಾವ ಸೊಸೆಯ ಕೈಯಿಂದ ಚಹಾ ತೆಗೆದುಕೊಳ್ಳುವುದನ್ನು ಬಿಟ್ಟರು. ಲೋಟ ನೆಲಕ್ಕಿಟ್ಟರೆ ಕುಡಿಯುವರು. ಬೆಳಗ್ಗೆ ಗುಬ್ಬಿ ಹೊರಡುವ ಹೊತ್ತಿಗೆ ಸರಿಯಾಗಿ ಅಂಗಿ ತೊಟ್ಟು, ತಲೆ ಬಾಚಿ, ಹಿತ್ತಲ ಬಾಗಿಲಲ್ಲಿ ನಿಂತಿರುವರು. ತಾಯಿ ಮಗಳು ಹೊರಟುಹೋದ ಮೇಲೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕುವರು. ಇದನ್ನು ಅತ್ತೆ ಸೊಸೆಗೆ ಹೇಳಿದರು, ಬಟ್ಟೆ ಮಡಚುತ್ತಾ, ಚುಚ್ಚುವ ಹಾಗೆ.

"ನಿನ್ನ ಗಂಡನ್ನ ದಾಟಿಸಿ ದೊಡ್ಡವನ್ನ ಮಾಡಿದ ಕೈ ಕಣೇ ಅದು. ಇವತ್ತು ನಿನ್ನ ಮಗಳಿಗೆ ಸಾಲದಾಯ್ತಾ?"

"ಕೈ ಸರಿಯಾಗಿದೆ ಅತ್ತೆ. ಹಳಿ ಬದಲಾಗಿದೆ."

"ಹಾಗಾದ್ರೆ ಅದನ್ನ ಅವರಿಗೆ ಹೇಳು."

"ಹೇಳಿದ್ದಕ್ಕೇ ಅಲ್ವಾ ಚಹಾ ನೆಲಕ್ಕಿಡ್ತಿರೋದು."

ಅತ್ತೆಗೆ ನಗು ಬಂತು, ನುಂಗಿಕೊಂಡರು.

ಮನೆ ಮಾತ್ರ ಹಾಗೇ ಮೌನವಾಗಿತ್ತು. ಒಮ್ಮೊಮ್ಮೆ ಗೂಡಿನ ಲೋಟಗಳು ಕಿಣಿಗುಟ್ಟಿದವೆಂದು ಸೊಸೆಗೆ ಅನ್ನಿಸಿ ಎದ್ದು ನೋಡುವಳು. ಲೋಟಗಳು ಅಲುಗದೆ ಇರುತ್ತಿದ್ದವು. ಪಕ್ಕದಲ್ಲಿ ಅತ್ತೆಯೂ ಕತ್ತೆತ್ತಿ ಅತ್ತಲೇ ನೋಡುತ್ತಿರುವರು.

ಆಮೇಲೆ ಒಂದು ದಿನ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯವಳು ಬಾರದೆ ಸೊಸೆ ಬೆಳಗಿನವರೆಗೂ ನಿಲ್ಲಬೇಕಾಯಿತು. ಮನೆಗೆ ಹೇಳಿಕಳಿಸಿದ್ದಳು, ಗಂಡ ಗುಬ್ಬಿಯನ್ನು ಬಿಟ್ಟುಬರಲಿ ಎಂದು. ಗಂಡನಿಗೆ ಕಂಪನಿಯಿಂದ ಬೇಗ ಕರೆ ಬಂತು. ಅವನು ಅವ್ವನಿಗೆ ಹೇಳಿ ಹೋದ. ಅತ್ತೆಗೆ ಮಂಡಿನೋವು, ಸೇತುವೆ ಹತ್ತಲಾರರು. ಬಾಗಿಲಲ್ಲಿ ಮಾವ ಅಂಗಿ ತೊಟ್ಟು ನಿಂತಿದ್ದರು. ಹೀಗೆ ಒಬ್ಬರ ತಪ್ಪೂ ಅನ್ನಲಾಗದ ಹಾಗೆ ಗುಬ್ಬಿಯ ಕೈ ಅಜ್ಜನ ಕೈಗೆ ಹೋಯಿತು.

ಸೊಸೆ ಬಸ್ಸಿಳಿದು ಹಳಿಯ ಆಚೆ ಕಡೆಯಿಂದ ಬರುತ್ತಿದ್ದಳು. ಬೇಲಿಯಿಲ್ಲದ ಜಾಗಕ್ಕೆ ನಾಲ್ಕು ಮಾರು ದೂರದಲ್ಲಿ ಅವರನ್ನು ಕಂಡಳು. ಮಾವ ಬರಿಗಾಲನ್ನು ಹೊಸ ಹಳಿಯ ಮೇಲಿಟ್ಟು, ಮುಖ ನೆಟ್ಟಗೆ ಮುಂದಕ್ಕಿಟ್ಟು ನಿಂತಿದ್ದರು. ಪಕ್ಕದಲ್ಲಿ ಗುಬ್ಬಿ, ಅದೇ ಭಂಗಿ, ಪುಟ್ಟ ಕಾಲು ಹಳಿಯ ಮೇಲೆ. ಗುಡ್ಡದ ಮಗ್ಗುಲಿಂದ ರೈಲು ಬಾಗಿಕೊಂಡು ಬರುತ್ತಿತ್ತು.

ಅವಳು ಕೂಗಿದಳು. ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಇಡೀ ರಾತ್ರಿ ಯಂತ್ರದ ಗದ್ದಲದಲ್ಲಿ ಕೂಗಿ ಮಾತಾಡಿದ ಗಂಟಲು ಗಾಳಿಯನ್ನಷ್ಟೇ ಬಿಟ್ಟಿತು. ಮಾವ ಅವಳನ್ನು ಕಂಡರು. ಮುಖ ಗಟ್ಟಿಯಾಯಿತು. ಗುಬ್ಬಿಯ ಕೈ ಬಿಗಿಹಿಡಿದು, ಅವಸರವಿಲ್ಲದೆ, ಸೊಸೆ ನೋಡಲಿ ಎನ್ನುವ ಹಾಗೆ ಹೆಜ್ಜೆ ಎಣಿಸಿಟ್ಟುಕೊಂಡು ಹಳಿಯ ನಡುವೆ ನಡೆದು ಬಂದರು.

ಈಚೆ ಬಂದು ನಿಂತು ಹೇಳಿದರು, "ನೋಡಿದೆಯಾ? ಏನಾದ್ರೂ ಬಂತಾ?"

ಅವರ ಬೆನ್ನ ಹಿಂದೆ ರೈಲು ನಿಂತಿತ್ತು. ಅವರು ದಾಟಿದ ಜಾಗಕ್ಕೆ ಒಂದು ಮೊಳ ಉಳಿಸಿಕೊಂಡು. ನಿಂತ ಸದ್ದೂ ಇಲ್ಲ. ದೀಪಗಳು ಉರಿಯುತ್ತಿದ್ದವು. ಒಳಗೆ ಮೂಟೆಗಳೆಲ್ಲ ಮುಂದಕ್ಕೆ ವಾಲಿ, ಇವರತ್ತ ಬಾಗಿ ನೋಡುವಂತೆ ಕೂತಿದ್ದವು.

ಗುಬ್ಬಿ ಅಜ್ಜನ ಕೈ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು. ತಿರುಗಕೂಡದೆಂದು ಕಲಿತವಳು. ಮಾವ ಮೊಮ್ಮಗಳ ಕತ್ತು ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ, ತುಂಬ ನಿಧಾನವಾಗಿ, ತಾವೂ ತಿರುಗಿದರು.

ಸೊಸೆಯನ್ನು ಕೇಳಿದರು, "ಯಾವಾಗ ಬಂತು ಇದು?"

ಈಗ ಬಂತು ಮಾವ, ನೀವು ದಾಟಿದ ಮೇಲೆ, ಎನ್ನಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಮುದುಕರ ಮರ್ಯಾದೆ ಉಳಿಯುತ್ತಿತ್ತು, ಮನೆಯಲ್ಲಿ ಚಹಾ ಕೈಯಿಂದ ಕೈಗೆ ಹೋಗುತ್ತಿತ್ತು. ನಾಳೆ ಬೆಳಗ್ಗೆ ಅವರು ಮತ್ತೆ ಅಂಗಿ ತೊಟ್ಟು ನಿಲ್ಲುತ್ತಿದ್ದರು.

"ನೀವು ಕಾಲಿಟ್ಟುಕೊಂಡು ನಿಂತಿದ್ದಾಗಲೇ ಬರ್ತಿತ್ತು ಮಾವ," ಎಂದಳು.

ಮಾವ ತಮ್ಮ ಪಾದವನ್ನು ನೋಡಿಕೊಂಡರು. ರೈಲು ಹೊರಟಿತು. ಮೂಟೆಗಳು ಹಿಂದಕ್ಕೆ ಒರಗಿ ನೆಟ್ಟಗಾದವು, ಒಂದೊಂದಾಗಿ ಸರಿದುಹೋದವು. ಕೊನೆಯ ಡಬ್ಬಿ ದಾಟಿದ ಮೇಲೂ ಅವರು ಪಾದವನ್ನೇ ನೋಡುತ್ತಿದ್ದರು, ಅದು ಬೇರೆ ಯಾರದ್ದೋ ಎಂಬ ಹಾಗೆ.

ಅಂದು ಮಧ್ಯಾಹ್ನ ಗಂಡ ಕಂಪನಿಯಲ್ಲಿ ವಿಚಾರಿಸಿದ. ಆ ಕಣ್ಣನ್ನು ಹಾಕಿದ್ದರಾ ಎಂದು. ಇಲ್ಲ, ಮುಂದಿನ ವಾರ ಎಂದರು. ಹಾಗಾದರೆ ಬೆಳಗ್ಗೆ ರೈಲು ನಿಂತದ್ದು ಹೇಗೆ? ಅವರು ಯಂತ್ರದಲ್ಲಿ ನೋಡಿ ಹೇಳಿದರು, ಬೆಳಗ್ಗೆ ರೈಲು ಎಲ್ಲೂ ನಿಂತೇ ಇಲ್ಲ. ಅವನು ಮನೆಗೆ ಬಂದು ಇದನ್ನು ಹೆಂಡತಿಗೆ ಮಾತ್ರ ಹೇಳಿದ. ಇನ್ನು ಯಾರಿಗೂ ಹೇಳಬೇಡಿ ರೀ ಎಂದಳು ಅವಳು.

ಮಾರನೆಯ ದಿನ ಕೆಲಸ ಮುಗಿಸಿ ಬರುವಾಗ ಅವನು ಕಂಪನಿಯ ಗಾಡಿಯಲ್ಲಿ ಹರಿದ ಮೂಟೆಗಳನ್ನು ಹೇರಿಕೊಂಡು ಬಂದ. ಎಸೆಯಲು ಇಟ್ಟವು. ಅಪ್ಪ ಮಗ ಇಬ್ಬರೂ ಮಾತಿಲ್ಲದೆ, ಬೇಲಿಯಿಲ್ಲದ ಜಾಗಕ್ಕೆ ಅವನ್ನು ಒಂದರ ಮೇಲೊಂದು ಎದೆಯೆತ್ತರ ಪೇರಿಸಿದರು. ಮಾವ ಮೂಲೆ ಹಿಡಿದು ಎತ್ತುವರು, ಮಗ ತಳ್ಳುವನು. ಮೊದಲ ಬಾರಿಗೆ ಇಬ್ಬರೂ ಒಂದೇ ಹಳಿಯ ಕೆಲಸ ಮಾಡಿದ್ದು ಅದು.

ತಿಂಗಳುಗಟ್ಟಲೆ ಇಣುಕಿಯೂ ನೋಡದ ಎರಡು ಕಚೇರಿಯವರೂ ಒಂದೇ ಬೆಳಗ್ಗೆ ಬಂದಿಳಿದರು. ಸರ್ಕಾರದವರು, ನಮ್ಮ ನೆಲದಲ್ಲಿ ಯಾರು ಗೋಡೆ ಹಾಕಿದ್ದು ಎಂದರು. ಕಂಪನಿಯವರು, ನಮ್ಮ ದಾರಿಗೆ ಯಾರು ಅಡ್ಡ ಇಟ್ಟದ್ದು ಎಂದರು. ಅತ್ತೆ ಹೊಸ್ತಿಲಲ್ಲಿ ಕೂತು ಕಾಳು ಆರಿಸುತ್ತಾ, "ಇಷ್ಟು ದಿನ ಯಾರದ್ದೂ ಅಲ್ಲದ್ದು ಇವತ್ತು ಇಬ್ಬರದ್ದೂ ಆಯ್ತಲ್ಲಪ್ಪ, ಸಂತೋಷ," ಎಂದರು. ಅವರು ಮಧ್ಯಾಹ್ನದವರೆಗೆ ವಾದಿಸಿದರು. ತೆಗೆಸುವುದು ಯಾರ ಖರ್ಚು ಎಂಬುದು ತೀರ್ಮಾನವಾಗಲಿಲ್ಲ. ಗೋಡೆ ಉಳಿಯಿತು. ಸೇತುವೆಯ ಮಾತು ಯಾರೂ ಎತ್ತಲಿಲ್ಲ.

ಮರುದಿನ ಸೊಸೆ ಗುಬ್ಬಿಯ ಚೀಲ ಹೆಗಲಿಗೇರಿಸಿ ಹೊರಟಾಗ ಮಾವ ಮುಂಬಾಗಿಲಲ್ಲಿ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಇತ್ತು.

"ಸೇತುವೆ ಮೆಟ್ಟಿಲು ಎತ್ತರ ಮಾವ," ಎಂದಳು.

"ನಿಧಾನ ಹತ್ತೋಣ. ನೀನು ಮುಂದೆ ಹೋಗಿ ಬಸ್ಸು ಹಿಡಿ. ನಾನು ಇವಳ ಜೊತೆ ಹೋಗ್ತೀನಿ." ಆಮೇಲೆ ಗುಬ್ಬಿಯ ಕಡೆ ಬಾಗಿ, ಸೊಸೆಗೆ ಕೇಳಿಸದಿರಲಿ ಎಂಬ ಹಾಗೆ ಹೇಳಿದರು, "ನಂಗೆ ಗೊತ್ತಾಗಲ್ಲ ಪುಟ್ಟ. ಅದು ಹೋದಾಗ ನೀನೇ ಹೇಳ್ಬೇಕು."

ಸೊಸೆ ಮುಂದೆ ಹೋಗಲಿಲ್ಲ. ತಡವಾದರೆ ಆಗಲಿ ಎಂದು ಅವರ ಹಿಂದೆ ನಡೆದಳು. ಬೇಲಿಯ ಪಕ್ಕದ ದಾರಿ ಉದ್ದಕ್ಕೂ ಬೆಳಗಿನ ಬಿಸಿಲು ಬಿದ್ದಿತ್ತು. ಮಾವ ಬೇಲಿಯತ್ತ ಮುಖ ತಿರುಗಿಸದೆ ನಡೆಯುತ್ತಿದ್ದರು.

"ಹೋಯ್ತು ಅಜ್ಜ," ಎಂದಳು ಗುಬ್ಬಿ.

"ಹೌದಾ," ಎಂದರು ಮಾವ.

ಸೊಸೆ ತಟ್ಟನೆ ಹಳಿಯ ಕಡೆ ನೋಡಿದಳು. ಎರಡೂ ದಿಕ್ಕಿಗೆ, ಕಣ್ಣು ಹೋಗುವವರೆಗೆ, ಹಳಿ ಖಾಲಿಯಾಗಿ ಹೊಳೆಯುತ್ತಿತ್ತು. ಬೇಲಿಯ ಬುಡದ ಹುಲ್ಲು ಅಲುಗಿರಲಿಲ್ಲ. ಗುಬ್ಬಿ ಮಾತ್ರ ಹೋದದ್ದರ ಕಡೆಗೆ ಕೈ ಬೀಸುತ್ತಿದ್ದಳು. ರೈಲು ಹೋಗಿತ್ತೋ ಇಲ್ಲವೋ ಸೊಸೆಗೆ ಹೇಳಲಾಗಲಿಲ್ಲ. ಅವಳು ಬೇಗ ಬೇಗ ಹೆಜ್ಜೆ ಹಾಕಿ, ಬೀಸುತ್ತಿದ್ದ ಆ ಕೈಯನ್ನು ಹಿಡಿದುಕೊಂಡಳು.